ತೊಟ್ಟಿಗೆ ದೊಡ್ಡದಾದ ಮೀನಿಗೆ ಹೊಳೆ ದಾರಿಯಲ್ಲ

ಅಕ್ವೇರಿಯಂ ಅಂಗಡಿಯ ಗಾಜಿಗೆ ಬಾಯಿ ಅಂಟಿಸಿಕೊಂಡು ಅಲುಗಾಡದೆ ನಿಂತಿರುವ ಕಂದು ಬಣ್ಣದ ಪುಟ್ಟ ಮೀನನ್ನು ಕಾಣದವರು ವಿರಳ. ಅಂಗಡಿಯವರ ಬಾಯಲ್ಲಿ ಅದು ‘ಸಕ್ಕರ್’, ಕೆಲವೆಡೆ ‘ಟ್ಯಾಂಕ್ ಕ್ಲೀನರ್’. ಮೀನು ಸಾಕುವ ಹವ್ಯಾಸಿಗಳು ಅದನ್ನು ಪ್ಲೆಕೊ ಎನ್ನುತ್ತಾರೆ. ಪಾಚಿ ತಿನ್ನುತ್ತದೆ, ತೊಟ್ಟಿ ತೊಳೆಯುವ ಕೆಲಸ ಉಳಿಯುತ್ತದೆ ಎಂಬ ಭರವಸೆಯೊಡನೆ ಚಿನ್ನದ ಮೀನಿನ ಜೊತೆಗೆ ಅದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡಲಾಗುತ್ತದೆ. ಆಗ ಅದರ ಉದ್ದ ಐದರಿಂದ ಎಂಟು ಸೆಂಟಿಮೀಟರ್. ಮುಂದೆ ಎಷ್ಟು ದೊಡ್ಡದಾಗುತ್ತದೆ ಎಂದು ಕೊಳ್ಳುವವರು ಕೇಳುವುದಿಲ್ಲ; ಮಾರುವವರು ಹೇಳುವುದೂ ಇಲ್ಲ.

ಉತ್ತರ ಸರಳವಾಗಿದೆ. ಸಾಮಾನ್ಯ ಪ್ಲೆಕೊ ಎಂದು ಮಾರಾಟವಾಗುವ ಮೀನು ಸರಿಯಾದ ಆಹಾರ, ಶುದ್ಧ ನೀರು ಸಿಕ್ಕರೆ ಒಂದೆರಡು ವರ್ಷಗಳಲ್ಲಿಯೇ ಒಂದಡಿಯ ಹತ್ತಿರಕ್ಕೆ ಬರುತ್ತದೆ. ಗಾಜಿನ ತೊಟ್ಟಿಯಲ್ಲಿ ಅನೇಕ ಮೀನುಗಳು ಮೂವತ್ತರಿಂದ ಮೂವತ್ತೈದು ಸೆಂಟಿಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತವೆ. ಬೆಚ್ಚಗಿನ ಪ್ರದೇಶದ ಕೊಳ, ಕೆರೆ, ಜಲಾಶಯಗಳಲ್ಲಿ ಅದೇ ಮೀನು ನಲವತ್ತೈದು, ಐವತ್ತು ಸೆಂಟಿಮೀಟರ್ ಮುಟ್ಟುವುದು ಅಪರೂಪವೇನಲ್ಲ. ಆಯುಸ್ಸು ಹತ್ತರಿಂದ ಇಪ್ಪತ್ತು ವರ್ಷ. ಮೂರನೆಯ ತರಗತಿಯ ಮಗುವಿನ ಹಠಕ್ಕೆ ಮಣಿದು ತಂದ ಮೀನು ಆ ಮಗು ಪದವಿ ಮುಗಿಸುವ ಹೊತ್ತಿಗೂ ಬದುಕಿರಬಹುದು.

ಉದ್ದದ ಲೆಕ್ಕ ಮಾತ್ರ ನೋಡಿದರೆ ವಿಷಯದ ತೂಕ ತಿಳಿಯದು. ಆರು ಸೆಂಟಿಮೀಟರಿನ ಮೀನು ನಲವತ್ತೈದು ಸೆಂಟಿಮೀಟರ್ ಆದಾಗ ಉದ್ದ ಏಳೂವರೆ ಪಟ್ಟು ಹೆಚ್ಚುತ್ತದೆ, ನಿಜ. ಆದರೆ ಅದರೊಡನೆ ಅಗಲವೂ ದಪ್ಪವೂ ಅದೇ ಪ್ರಮಾಣದಲ್ಲಿ ಬೆಳೆಯುವುದರಿಂದ ದೇಹದ ಗಾತ್ರ ನಾನೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ತಿನ್ನುವುದೂ, ವಿಸರ್ಜಿಸುವುದೂ ಅದಕ್ಕೆ ತಕ್ಕಂತೆ ಏರುತ್ತವೆ. ಸಾಮಾನ್ಯ ಮನೆಗಳಲ್ಲಿರುವ ಎರಡಡಿ ಉದ್ದ, ಒಂದಡಿ ಅಗಲದ ತೊಟ್ಟಿ ಹಿಡಿಯುವುದು ಐವತ್ತು ಚಿಲ್ಲರೆ ಲೀಟರ್ ನೀರು. ಒಂದೂವರೆ ಅಡಿಯ ಮೀನು ಒಂದಡಿ ಅಗಲದ ತೊಟ್ಟಿಯಲ್ಲಿ ಹಿಂದಿರುಗಿ ನಿಲ್ಲುವುದಾದರೂ ಹೇಗೆ? ಬೆಳೆದ ಪ್ಲೆಕೊವೊಂದಕ್ಕೆ ಐದುನೂರು ಲೀಟರಿಗೆ ಕಡಿಮೆಯಿಲ್ಲದ, ಆರಡಿ ಉದ್ದದ ತೊಟ್ಟಿ ಬೇಕು. ಅಷ್ಟು ದೊಡ್ಡ ತೊಟ್ಟಿ ಇಟ್ಟುಕೊಂಡ ಮನೆಗಳೆಷ್ಟಿವೆ?

‘ತೊಟ್ಟಿಯಷ್ಟೇ ಮೀನು ಬೆಳೆಯುತ್ತದೆ’ ಎಂಬ ಮಾತು ಅಂಗಡಿಗಳಲ್ಲಿ ವೇದವಾಕ್ಯದಂತೆ ಚಲಾವಣೆಯಲ್ಲಿದೆ. ಇದರಲ್ಲಿ ಅರ್ಧ ಸತ್ಯವಿರುವುದರಿಂದಲೇ ಇದು ಹೆಚ್ಚು ಅಪಾಯಕಾರಿ. ಇಕ್ಕಟ್ಟಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗುವುದು ಹೌದು. ಆದರೆ ಅದು ಮೀನು ಜಾಗಕ್ಕೆ ಹೊಂದಿಕೊಂಡ ಲಕ್ಷಣವಲ್ಲ. ತನ್ನದೇ ಮಲಮೂತ್ರದ ಅಮೋನಿಯ, ನೈಟ್ರೇಟುಗಳು ಕದಡಿದ ನೀರಿನಲ್ಲಿ ಬದುಕುತ್ತಿರುವುದರ ಫಲ. ಹೀಗೆ ಕುಗ್ಗಿದ ಮೀನು ಸಾಮಾನ್ಯವಾಗಿ ಆಯುಸ್ಸು ಮುಗಿಯುವ ಮೊದಲೇ ಸಾಯುತ್ತದೆ. ಕೊಳದಲ್ಲಿ ಅದು ದೊಡ್ಡದಾಗುವುದಕ್ಕೂ ಇದೇ ಕಾರಣವನ್ನು ತಿರುಗಿಸಿ ಹೇಳಬಹುದು: ನೀರು ಹೆಚ್ಚಿದ್ದಷ್ಟೂ ಹೊಲಸು ತೆಳುವಾಗುತ್ತದೆ, ಕಲ್ಲು ಕಟ್ಟೆಗಳ ಮೇಲೆ ಪಾಚಿ ಹಗಲಿರುಳು ದೊರೆಯುತ್ತದೆ, ಮೀನುಗಳ ಬೆಳವಣಿಗೆಗೆ ಸಸ್ತನಿಗಳಂತೆ ಒಂದು ವಯಸ್ಸಿನಲ್ಲಿ ಪೂರ್ಣವಿರಾಮವಿಲ್ಲ.

ಇನ್ನು ತೊಟ್ಟಿ ಶುಚಿ ಮಾಡುವ ಮಾತು. ಎಳೆಯ ಪ್ಲೆಕೊ ಪಾಚಿಯನ್ನು ಕೆರೆದು ತಿನ್ನುವುದು ನಿಜ. ಆದರೆ ಪಾಚಿ ತಿನ್ನುವ ಮೀನಿನ ಕರುಳು ಉದ್ದ, ವಿಸರ್ಜನೆ ಧಾರಾಳ. ಗಾಜಿನ ಮೇಲಿದ್ದ ಹಸಿರು ತೊಟ್ಟಿಯ ತಳದಲ್ಲಿ ಕಂದು ದಾರದಂತೆ ಬಂದು ಬೀಳುತ್ತದೆ, ಅಷ್ಟೆ. ಬೆಳೆದ ಮೀನಿಗೆ ಪಾಚಿಗಿಂತ ಅಂಗಡಿಯ ಆಹಾರದ ಬಿಲ್ಲೆಯ ಮೇಲೆ, ಸೌತೆಕಾಯಿಯ ಹೋಳಿನ ಮೇಲೆ ಆಸೆ ಹೆಚ್ಚು. ಹಸಿದರೆ ನಿಧಾನವಾಗಿ ಈಜುವ ಚಿನ್ನದ ಮೀನಿನ ಮೈಮೇಲಿನ ಲೋಳೆಯನ್ನು ಹೀರಿ ಗಾಯ ಮಾಡುವುದೂ ಉಂಟು. ಕೆಲಸದಾಳೆಂದು ಕರೆತಂದವನು ಹೀಗೆ ಮನೆಯ ಯಜಮಾನನಾಗುತ್ತಾನೆ.

ಈ ಮೀನಿನ ಮೂಲ ದಕ್ಷಿಣ ಅಮೆರಿಕ. ಅಮೆಜಾನ್, ಒರಿನೊಕೊ ಮುಂತಾದ ನದಿಗಳ ಬೆಚ್ಚನೆಯ ನೀರು ಅದರ ತವರು. ಪ್ಲೆಕೊ ಎಂಬುದು ಪ್ಲೆಕೊಸ್ಟೋಮಸ್ ಎಂಬ ಹೆಸರಿನ ತುಂಡು. ಗ್ರೀಕ್ ಭಾಷೆಯಲ್ಲಿ ಮಡಿಕೆಯ ಬಾಯಿ ಎಂದರ್ಥ. 1758ರಲ್ಲಿ ಲಿನೇಯಸ್ ಈ ಹೆಸರನ್ನು ಕೊಟ್ಟಾಗ ಉದ್ದೇಶಿಸಿದ್ದ ಮೀನು ಇಂದು ಹೈಪೊಸ್ಟೋಮಸ್ ಎಂಬ ಕುಲದಲ್ಲಿದೆ. ಅಂಗಡಿಗಳಲ್ಲಿ ಆ ಹೆಸರಿನಿಂದ ಬಿಕರಿಯಾಗುತ್ತಿರುವುದು ಬಹುಪಾಲು ಅದರ ಬಂಧು, ಟೆರಿಗೊಪ್ಲಿಕ್ಥಿಸ್ ಕುಲದ್ದು. ಎರಡನ್ನೂ ಗುರುತಿಸಲು ಬೆನ್ನಿನ ರೆಕ್ಕೆಯ ಕಡ್ಡಿಗಳನ್ನು ಎಣಿಸಬೇಕು: ಮೊದಲ ಮುಳ್ಳನ್ನು ಬಿಟ್ಟು ಏಳರಷ್ಟಿದ್ದರೆ ಹೈಪೊಸ್ಟೋಮಸ್, ಒಂಬತ್ತು ಅಥವಾ ಹೆಚ್ಚಿದ್ದರೆ ಟೆರಿಗೊಪ್ಲಿಕ್ಥಿಸ್. ಹಾಯಿಯಂತೆ ಎದ್ದು ನಿಲ್ಲುವ ಆ ಅಗಲ ರೆಕ್ಕೆಯಿಂದಲೇ ಅದಕ್ಕೆ ಸೈಲ್‌ಫಿನ್ ಎಂಬ ಹೆಸರು ಬಂದಿದೆ. ಲೋಕದ ನದಿಗಳಲ್ಲಿ ಗಲಭೆ ಎಬ್ಬಿಸಿರುವುದು ಮುಖ್ಯವಾಗಿ ಇದೇ.

ಒಂದು ಮನೆತನದ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಇದೇ ಕುಟುಂಬದ ಜೀಬ್ರಾ ಪ್ಲೆಕೊ ಬೆರಳುದ್ದ ಮೀರದ, ಕಪ್ಪು ಬಿಳುಪು ಪಟ್ಟೆಯ ಚೆಲುವಾದ ಮೀನು. ಬ್ರೆಜಿಲಿನ ಶಿಂಗು ನದಿಯ ಒಂದು ದೊಡ್ಡ ತಿರುವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಅದಿಲ್ಲ. 2016ರಲ್ಲಿ ವಿದ್ಯುತ್ ಉತ್ಪಾದನೆ ಆರಂಭಿಸಿದ ಬೆಲೊ ಮಾಂಟೆ ಅಣೆಕಟ್ಟು ಆ ತಿರುವಿನ ನೀರನ್ನೇ ಬೇರೆಡೆಗೆ ತಿರುಗಿಸಿತು. ಶರಾವತಿಯ, ಕಾಳಿಯ ಕಥೆಯನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಒಂದೇ ಕುಟುಂಬದ ಒಂದು ಮೀನು ತನ್ನ ಊರಿನಲ್ಲೇ ನೆಲೆ ತಪ್ಪುತ್ತಿದೆ. ಇನ್ನೊಂದು ತನ್ನದಲ್ಲದ ಊರುಗಳನ್ನೆಲ್ಲ ಆಕ್ರಮಿಸುತ್ತಿದೆ. ಎರಡರ ಹಿಂದೆಯೂ ಇರುವುದು ಮನುಷ್ಯನ ಕೈಯೇ.

ತೊಟ್ಟಿಯಲ್ಲಿ ಹಿಡಿಸದಷ್ಟು ಬೆಳೆದ ಮೀನನ್ನು ಏನು ಮಾಡುವುದು? ಕೊಲ್ಲಲು ಮನಸ್ಸು ಬಾರದು. ಅಂಗಡಿಯವನಿಗೆ ಅದು ಬೇಡ. ಆಗ ಹತ್ತಿರದ ಕೆರೆ, ಕಾಲುವೆ, ಹೊಳೆ ನೆನಪಾಗುತ್ತದೆ. ಒಂದು ಜೀವ ಉಳಿಸಿದ ಪುಣ್ಯವೆಂಬ ಸಮಾಧಾನವೂ ಜೊತೆಗಿರುತ್ತದೆ. ಲೋಕದ ಅನೇಕ ಜಲಮೂಲಗಳಿಗೆ ಈ ಮೀನು ಪ್ರವೇಶಿಸಿದ್ದು ದುರುದ್ದೇಶದಿಂದಲ್ಲ, ಇಂಥ ಕರುಣೆಯಿಂದ ಮತ್ತು ಸಾಕಣೆ ಕೇಂದ್ರಗಳ ಅಜಾಗರೂಕತೆಯಿಂದ.

ಹೊರಗೆ ಬಿದ್ದ ಮೇಲೆ ಅದನ್ನು ತಡೆಯುವವರಿಲ್ಲ. ಮೈತುಂಬ ಎಲುಬಿನ ಫಲಕಗಳ ಕವಚ, ರೆಕ್ಕೆಗಳಲ್ಲಿ ಗಟ್ಟಿ ಮುಳ್ಳು. ನೀರಿನಲ್ಲಿ ಆಮ್ಲಜನಕ ತೀರಿದರೆ ಮೇಲೆ ಬಂದು ಗಾಳಿ ನುಂಗಿ, ಹೊಟ್ಟೆಯ ಗೋಡೆಯ ಮೂಲಕವೇ ಉಸಿರಾಡಬಲ್ಲದು. ಮೈ ತೇವವಾಗಿದ್ದರೆ ನೀರಿನ ಹೊರಗೆ ಹಲವು ಗಂಟೆ ಜೀವ ಹಿಡಿದಿರಬಲ್ಲದು. ಹೀಗಾಗಿ ಇತರ ಮೀನುಗಳು ಸತ್ತು ತೇಲುವ ಚರಂಡಿ ನೀರಿನಲ್ಲೂ ಇದು ಬಾಳುತ್ತದೆ. ಗಂಡು ಮೀನು ದಡದ ಮಣ್ಣಿನಲ್ಲಿ ಅರ್ಧದಿಂದ ಒಂದು ಮೀಟರ್, ಕೆಲವೊಮ್ಮೆ ಅದಕ್ಕೂ ಆಳದ ಬಿಲ ಕೊರೆಯುತ್ತದೆ. ಹೆಣ್ಣು ಅದರೊಳಗೆ ನೂರಾರು ಮೊಟ್ಟೆ ಇಡುತ್ತದೆ, ಮರಿಯಾಗುವವರೆಗೆ ಗಂಡು ಕಾವಲು ಕೂರುತ್ತದೆ. ಒಂದರ ಪಕ್ಕ ಒಂದರಂತೆ ಬಿಲಗಳಾದ ದಡ ನೀರು ಇಳಿದಾಗ ಕುಸಿಯುತ್ತದೆ. ಮಣ್ಣಿನ ಏರಿಯ ಕೆರೆಗಳನ್ನೇ ನಂಬಿದ ನಾಡಿನಲ್ಲಿ ಇದು ಕೇವಲ ಮೀನುಗಾರರ ಚಿಂತೆಯಾಗಿ ಉಳಿಯಲಾರದು.

ಮೆಕ್ಸಿಕೋದ ಬಾಲ್ಸಾಸ್ ನದಿಗೆ ಕಟ್ಟಿದ ಇನ್ಫಿಯೆರ್ನಿಯೊ ಜಲಾಶಯ ತಿಲಾಪಿಯಾ ಮೀನಿಗೆ ಹೆಸರಾಗಿತ್ತು. ಸಾವಿರಾರು ಕುಟುಂಬಗಳು ಅದನ್ನು ನಂಬಿದ್ದವು. ಎರಡು ಸಾವಿರದ ಇಸವಿಯ ನಂತರದ ಕೆಲವೇ ವರ್ಷಗಳಲ್ಲಿ ಅಲ್ಲಿನ ಬಲೆಗಳಲ್ಲಿ ತಿಲಾಪಿಯಾಕ್ಕಿಂತ ಪ್ಲೆಕೊಗಳೇ ಹೆಚ್ಚಾದವು. ಮುಳ್ಳಿಗೆ ಬಲೆ ಹರಿಯಿತು, ಸಿಕ್ಕ ಮೀನಿಗೆ ಕೊಳ್ಳುವವರಿರಲಿಲ್ಲ. ಅಲ್ಲಿನ ಜನ ಅದನ್ನು ದೆವ್ವದ ಮೀನು ಎಂದು ಕರೆದರು. ತಿಲಾಪಿಯಾ ಕೂಡ ಆಫ್ರಿಕಾದಿಂದ ಅಲ್ಲಿಗೆ ಬಂದ ಪರಕೀಯ ಮೀನೇ ಎಂಬುದು ಈ ಕಥೆಯ ವ್ಯಂಗ್ಯ. ಫಿಲಿಪ್ಪೀನ್ಸಿನ ಲಗೂನಾ ಸರೋವರ ಮತ್ತು ಮರಿಕಿನಾ ನದಿಯಲ್ಲಿ ಇದೇ ಮೀನಿಗೆ ‘ಜಾನಿಟರ್ ಫಿಶ್’, ಅಂದರೆ ಜಾಡಮಾಲಿ ಮೀನು ಎಂದು ಹೆಸರು. ಪೋರ್ಟೊ ರಿಕೊದಲ್ಲಿ ಇದನ್ನು ನುಂಗಲು ಹೋದ ಹೆಜ್ಜಾರ್ಲೆಗಳು ಗಂಟಲಿಗೆ ಮುಳ್ಳು ಸಿಕ್ಕಿ ಸತ್ತದ್ದು ವರದಿಯಾಗಿದೆ.

ಇವೆಲ್ಲ ದೂರದ ಮಾತು ಎನ್ನುವಂತಿಲ್ಲ. ಕೇರಳದ ತಿರುವನಂತಪುರದ ಚಾಕ್ಕ ಕಾಲುವೆಯಲ್ಲಿ ಈ ಮೀನು ನೆಲೆಸಿರುವುದನ್ನು ವಿಜ್ಞಾನಿಗಳು ಹದಿನೈದು ವರ್ಷಗಳಿಗೂ ಹಿಂದೆಯೇ ದಾಖಲಿಸಿದ್ದಾರೆ. ಕೋಲ್ಕತ್ತದ ಪೂರ್ವದ ಜೌಗು ಪ್ರದೇಶದಲ್ಲಿ ಅದಿದೆ. 2020ರಲ್ಲಿ ವಾರಾಣಸಿಯ ಬಳಿ ಗಂಗೆಯಲ್ಲಿ ಸಿಕ್ಕಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆಂಧ್ರಪ್ರದೇಶ, ತೆಲಂಗಾಣಗಳ ಮೀನುಗಾರರು ಹರಿದ ಬಲೆಗಳನ್ನು ಮುಂದಿಟ್ಟುಕೊಂಡು ದೂರುತ್ತಿದ್ದಾರೆ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಪೂರ್ವಘಟ್ಟದ ಕೆರೆ ಕುಂಟೆಗಳ ನೀರಿನ ಮಾದರಿಯಲ್ಲಿ ಈ ಮೀನಿನ ಡಿಎನ್‌ಎ ಹುಡುಕುವ ವಿಧಾನ ರೂಪಿಸಿ, ಅದು ವ್ಯಾಪಕವಾಗಿ ಹಬ್ಬಿರುವುದನ್ನು ಕಂಡಿದ್ದಾರೆ. ಮೀನನ್ನು ಹಿಡಿಯದೆ, ನೀರನ್ನಷ್ಟೇ ಪರೀಕ್ಷಿಸಿ ಅದರ ಇರವನ್ನು ಅರಿಯಬಹುದಾದ ಈ ಉಪಾಯ ಘಟ್ಟದ ಜಲಾಶಯಗಳಿಗೂ ಬೇಗ ಬರಬೇಕು.

ಘಟ್ಟದ ಹಳ್ಳಗಳಿಗೆ ಇದರಿಂದ ಏನು ಅಪಾಯ ಎಂದು ಕೇಳುವವರಿಗೆ ಉತ್ಪ್ರೇಕ್ಷೆಯಿಲ್ಲದೆ ಉತ್ತರಿಸಬೇಕು. ರಭಸವಾಗಿ ಇಳಿಯುವ, ತಣ್ಣನೆಯ, ನೆರಳಿನ ತೊರೆಗಳು ಈ ಮೀನಿಗೆ ಅಷ್ಟಾಗಿ ಒಗ್ಗುವಂಥವಲ್ಲ. ಅದು ಬಯಸುವುದು ನಿಂತ ಅಥವಾ ಮೆಲ್ಲನೆ ಹರಿಯುವ ಬೆಚ್ಚನೆಯ ನೀರನ್ನು. ಆದರೆ ಕಳೆದ ಶತಮಾನದಲ್ಲಿ ಅಣೆಕಟ್ಟುಗಳು ಘಟ್ಟದ ಹೊಳೆಗಳನ್ನು ಮಾಡಿಟ್ಟಿರುವುದು ಅಂಥ ನೀರನ್ನೇ. ಲಿಂಗನಮಕ್ಕಿಯ, ಭದ್ರೆಯ, ಹೇಮಾವತಿಯ ಹಿನ್ನೀರು ಅದಕ್ಕೆ ಹೇಳಿ ಮಾಡಿಸಿದ ಮನೆ. ಅಲ್ಲಿ ದೋಣಿ ಬಲೆಗಳನ್ನು ನಂಬಿದ ಕುಟುಂಬಗಳಿವೆ. ಮೇಲಾಗಿ ತುಂಗೆ, ಭದ್ರೆ, ಹೇಮಾವತಿಗಳು ಹುಟ್ಟುವುದು ಇಲ್ಲಿ. ನೆತ್ತಿಯಲ್ಲಿ ಬಿಟ್ಟದ್ದು ಇಡೀ ಮೈಗೆ ಇಳಿಯುತ್ತದೆ.

2011ರ ಐಯುಸಿಎನ್ ಅವಲೋಕನದಲ್ಲಿ ಪಶ್ಚಿಮಘಟ್ಟದ ಸಿಹಿನೀರಿನ ಮೀನುಗಳ ಪ್ರಭೇದಗಳು ಸುಮಾರು 290 ಎಂದು ಲೆಕ್ಕವಾಗಿತ್ತು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜಗತ್ತಿನ ಬೇರಾವ ಭಾಗದಲ್ಲೂ ಇಲ್ಲ. ಬಂಡೆಗೆ ತಲೆಯ ಕೆಳಗಿನ ಬಾಯಿಯನ್ನು ಅಂಟಿಸಿ ಪಾಚಿ ಕೆರೆಯುವ ಗಾರಾ ಜಾತಿಯ ಮೀನುಗಳು ಇಲ್ಲಿ ಪ್ಲೆಕೊದ ಕೆಲಸವನ್ನು ಅನಾದಿಯಿಂದ ಮಾಡಿಕೊಂಡು ಬಂದಿವೆ. ಅವು ಕೈಬೆರಳಿನಷ್ಟು, ಹೆಚ್ಚೆಂದರೆ ಗೇಣುದ್ದ. ಕಲ್ಲಿನ ಮೇಲಿನ ಅದೇ ಪಾಚಿಗೆ ಒಂದೂವರೆ ಅಡಿಯ ಕವಚಧಾರಿ ಬಂದು ಕೂತರೆ ಬಿಟ್ಟುಕೊಡಬೇಕಾದವರು ಯಾರೆಂಬುದು ಸ್ಪಷ್ಟ.

ಒಳ್ಳೆಯ ಮನಸ್ಸಿನಿಂದ ನೀರಿಗೆ ಬಿಟ್ಟ ಮೀನೂ ಕೇಡು ಮಾಡಬಲ್ಲದು ಎಂಬುದಕ್ಕೆ ಕಾವೇರಿಯಲ್ಲಿಯೇ ಸಾಕ್ಷಿಯಿದೆ. ಐವತ್ತು ಕಿಲೋ ಮೀರಿ ಬೆಳೆಯುತ್ತಿದ್ದ ಡುಬ್ಬದ ಮಹಸೀರ್ ಆ ನದಿಯ ಹೆಮ್ಮೆ. ಮಹಸೀರ್ ಸಂತತಿಯನ್ನು ಉಳಿಸಬೇಕೆಂಬ ಸದುದ್ದೇಶದಿಂದಲೇ 1970ರ ದಶಕದಿಂದ ಈಚೆಗೆ ಮೊಟ್ಟೆಮನೆಗಳಲ್ಲಿ ಬೆಳೆಸಿದ ಬೇರೊಂದು ಜಾತಿಯ ಮಹಸೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಹೊಸಬರು ಹೆಚ್ಚಿದರು, ಡುಬ್ಬದ ಮಹಸೀರ್ ಕಾಣೆಯಾಗುತ್ತ ಬಂತು. 2018ರಲ್ಲಿ ಐಯುಸಿಎನ್ ಅದನ್ನು ಅಳಿವಿನ ಅಂಚಿನ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿತು. ಬಿಟ್ಟ ಮೀನು ಇದೇ ದೇಶದ್ದು, ಇದೇ ಕುಲದ್ದು, ಆದರೂ ಹೀಗಾಯಿತು. ಶೃಂಗೇರಿಯ ತುಂಗೆಯ ಸೋಪಾನದಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಮಂಡಕ್ಕಿ ಹಾಕುವ ಭಕ್ತರಿಗೆ ಮೀನಿನ ಮೇಲೆ ಪ್ರೀತಿ ಕಲಿಸಬೇಕಾಗಿಲ್ಲ. ಆ ಮಡುಗಳು ಉಳಿದಿರುವುದು ಅಲ್ಲಿಂದ ಮೀನನ್ನು ತೆಗೆಯಬಾರದೆಂಬ ಕಟ್ಟಳೆಯಿಂದ. ಹೊರಗಿನ ಮೀನನ್ನು ಅಲ್ಲಿಗೆ ಬಿಡಬಾರದೆಂಬ ಇನ್ನೊಂದು ಕಟ್ಟಳೆ ಈಗ ಅದರ ಜೊತೆಗೆ ಸೇರಬೇಕಾಗಿದೆ.

ಘಟ್ಟದಲ್ಲಿ ಹೆಚ್ಚು ಆತಂಕಪಡಬೇಕಾದ ಜಾಗ ಪೇಟೆಯ ಗಾಜಿನ ತೊಟ್ಟಿಯಲ್ಲ, ತೋಟದ ನಡುವಿನ ಕೊಳ. ಹೋಂಸ್ಟೇ, ರೆಸಾರ್ಟುಗಳ ಅಂಗಳದಲ್ಲಿ ಬಣ್ಣದ ಮೀನಿನ ಕೊಳ ಈಗ ಅಲಂಕಾರದ ಭಾಗವಾಗಿದೆ. ಪಾಚಿ ತಿನ್ನಲೆಂದು ಅದಕ್ಕೆ ನಾಲ್ಕು ಸಕ್ಕರ್ ಮೀನು ಬಿಡುವುದು ಸಹಜ ಎನಿಸುತ್ತದೆ. ಕೊಳದಲ್ಲಿ ಅದು ಗರಿಷ್ಠ ಗಾತ್ರಕ್ಕೆ ಬೆಳೆಯುತ್ತದೆ ಎಂಬುದು ಒಂದು. ಕೊಳಕ್ಕೆ ಗಾಜಿನ ಗೋಡೆಯಿಲ್ಲ ಎಂಬುದು ಇನ್ನೊಂದು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಯಾವ ಕೊಳ ತಾನೇ ಉಕ್ಕದೆ ಉಳಿಯುತ್ತದೆ? 2018ರ ಆಗಸ್ಟ್ ಪ್ರವಾಹದಲ್ಲಿ ಕೇರಳದ ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡ ಅಮೆಜಾನಿನ ಅರಪೈಮಾ, ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಮೀನುಗಳು ಅಲ್ಲಿನ ಹೊಳೆಗಳಲ್ಲಿ ಬಲೆಗೆ ಬಿದ್ದವು. ಆ ವರ್ಷ ಕೊಡಗಿನಲ್ಲೂ ನೀರು ಯಾವ ಬೇಲಿಯನ್ನೂ ಕೇಳಲಿಲ್ಲ.

ಸರ್ಕಾರದ ಕೈಯಲ್ಲಿ ಅಧಿಕಾರವಿಲ್ಲವೆಂದಲ್ಲ. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 62ಎ ಕಲಮು, ವನ್ಯಜೀವಿಗೆ ಅಪಾಯ ತರುವ ಆಕ್ರಮಣಕಾರಿ ಪರಕೀಯ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನಗಳನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಕೇಂದ್ರಕ್ಕೆ ನೀಡಿದೆ. ಆಫ್ರಿಕನ್ ಮುರುಗೋಡು ಮೀನಿನ ಸಾಕಣೆಯನ್ನು 2000ರಲ್ಲಿಯೇ ನಿಷೇಧಿಸಿದ್ದರೂ ಅದು ಗುಟ್ಟಾಗಿ ಸಾಗಿಬಂದ ಅನುಭವ ಎದುರಿಗಿರುವುದರಿಂದ ಆದೇಶವೊಂದರಿಂದ ಎಲ್ಲವೂ ಸರಿಹೋದೀತೆಂದು ನಂಬುವುದು ಕಷ್ಟ. ಅದಕ್ಕಿಂತ ಸುಲಭವೂ ಅಗ್ಗವೂ ಆದ ಒಂದು ಕ್ರಮವಿದೆ. ಮಾರುವ ಪ್ರತಿ ಮೀನಿನ ತೊಟ್ಟಿಯ ಮೇಲೆ ಬೆಲೆಯ ಜೊತೆಗೆ ಅದು ಬೆಳೆದಾಗ ಮುಟ್ಟುವ ಉದ್ದ ಮತ್ತು ಬದುಕುವ ವರ್ಷಗಳನ್ನು ಕನ್ನಡದಲ್ಲಿ ಬರೆದು ಅಂಟಿಸುವುದು ಕಡ್ಡಾಯವಾಗಬೇಕು. ‘ಸಕ್ಕರ್, ಒಂದೂವರೆ ಅಡಿ, ಹದಿನೈದು ವರ್ಷ’ ಎಂದು ಬರೆದ ಚೀಟಿ ನೋಡಿದ ಮೇಲೆ ಎರಡಡಿಯ ತೊಟ್ಟಿಯವರು ಅದನ್ನು ಕೊಳ್ಳುವ ಮುನ್ನ ಎರಡು ಸಲ ಯೋಚಿಸುತ್ತಾರೆ. ದೊಡ್ಡದಾದ ಮೀನನ್ನು ಮಾರಿದ ಅಂಗಡಿಯೇ ಹಿಂದಕ್ಕೆ ಪಡೆಯುವ ವ್ಯವಸ್ಥೆಯನ್ನು ಪರವಾನಗಿಗೆ ಷರತ್ತಾಗಿ ಸೇರಿಸಬಹುದು.

ಪಾಚಿಯದೇ ತೊಂದರೆಯಾದರೆ ತೊಟ್ಟಿಯನ್ನು ಕಿಟಕಿಯ ಬಿಸಿಲಿನಿಂದ ದೂರ ಸರಿಸುವುದು, ಆಹಾರ ಕಡಿಮೆ ಹಾಕುವುದು, ವಾರಕ್ಕೊಮ್ಮೆ ಕೈಯಿಂದ ಗಾಜು ಉಜ್ಜುವುದು ಸಾಕು. ಮೀನೇ ಬೇಕೆನ್ನುವವರಿಗೆ ಮೂತಿಯ ಮೇಲೆ ಮೀಸೆಯಂಥ ಕುಚ್ಚಿರುವ ಬ್ರಿಸಲ್‌ನೋಸ್ ಜಾತಿಯಿದೆ. ಅದು ಹತ್ತರಿಂದ ಹದಿನೈದು ಸೆಂಟಿಮೀಟರಿಗೆ ನಿಲ್ಲುತ್ತದೆ. ಅದನ್ನೂ ಹೊಳೆಗೆ ಬಿಡುವಂತಿಲ್ಲ. ಈಗಾಗಲೇ ದೊಡ್ಡ ಮೀನು ಇಟ್ಟುಕೊಂಡಿರುವವರು ದೊಡ್ಡ ತೊಟ್ಟಿಯಿರುವ ಹವ್ಯಾಸಿಗಳನ್ನೋ ಸಾರ್ವಜನಿಕ ಮತ್ಸ್ಯಾಲಯವನ್ನೋ ವಿಚಾರಿಸಬೇಕು. ಅದೂ ಸಾಧ್ಯವಾಗದಿದ್ದರೆ ಹೊಳೆಗೆ ಬಿಡುವುದಕ್ಕಿಂತ ಮೀನನ್ನು ನೋವಿಲ್ಲದಂತೆ ಕೊನೆಗಾಣಿಸಲು ಪಶುವೈದ್ಯರ ಸಲಹೆ ಪಡೆಯುವುದೇ ಮೇಲು. ಈ ಮಾತು ಕೆಲವು ಓದುಗರಿಗೆ ಕಠಿಣವೆನಿಸಬಹುದು. ಹೊಳೆಯೊಳಗಿನ ಕಾಣದ ಸಾವಿರ ಮೀನುಗಳ ಪರವಾಗಿಯೂ ಯಾರಾದರೂ ಒಂದು ಮಾತು ಆಡಬೇಕಲ್ಲ.

ಕೊಳ ಇರುವವರಿಗೆ ಮಳೆಗೆ ಮೊದಲೇ ಮಾಡಬೇಕಾದ ಕೆಲಸವಿದೆ. ಉಕ್ಕಿದ ನೀರು ನೇರವಾಗಿ ಹಳ್ಳಕ್ಕೆ ಬೀಳದೆ ತೋಟದ ಒಣ ಇಂಗುಗುಂಡಿಗೆ ಸೇರುವಂತೆ ಕಾಲುವೆ ತಿರುಗಿಸಬೇಕು, ಹೊರಹರಿವಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಬೇಕು, ಕೊಳದಲ್ಲಿರುವ ಸಕ್ಕರ್ ಮೀನುಗಳನ್ನು ನೀರು ಕಡಿಮೆಯಿರುವ ಬೇಸಿಗೆಯಲ್ಲೇ ಹಿಡಿದು ತೆಗೆಯಬೇಕು. ಹಗಲು ಅದು ಬಿಲದಲ್ಲಿ, ಕಲ್ಲಿನ ಸಂದಿನಲ್ಲಿ ಅಡಗಿರುವುದರಿಂದ ರಾತ್ರಿ ಟಾರ್ಚು ಹಿಡಿದು ನೋಡುವುದು ಒಳ್ಳೆಯದು. ಜೂನಿನ ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತುಮೀನು ಏರಿ ಬರುತ್ತದೆ. ಆ ಹೊತ್ತಿಗೆ ಕೊಳಕ್ಕೂ ಹಳ್ಳಕ್ಕೂ ನಡುವೆ ಒಂದೇ ನೀರು. ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು.